ಗೆಳತಿಗೆ ಸೂತಕ ಇಲ್ಲವಂತೆ

ಮುಂಬಯಿಯಲ್ಲಿ ಶಾಲೆ ನಡೆಸುತ್ತಿರುವ ನಮ್ಮ ಕನ್ನಡದವರಿಗೆ, ಸಂಘಗಳ ಹಿರಿಯರಿಗೆ, ಹದಿಹರೆಯದ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ಈ ಆಗಸ್ಟ್ ಮೊದಲ ವಾರದಲ್ಲಿ ನನ್ನ ಮಗಳ ಗೆಳತಿ ತೀರಿಕೊಂಡಳು. 15 ವರ್ಷ. ಸುದ್ದಿ ಬಂದಾಗ ರಾತ್ರಿ ಹನ್ನೊಂದೂವರೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ಮೊಬೈಲ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ನಮ್ಮ ಅತ್ತೆ ಎದ್ದು ಬಂದರು, ವಿಷಯ ಕೇಳಿದರು, ಲೊಚಗುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಫ್ರೆಂಡ್ ಅಲ್ವಾ, ಸೂತಕ ಏನೂ ಬರೋದಿಲ್ಲ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿದ್ರೆ ಸಾಕು" ಅಂದರು.

ಅತ್ತೆಯ ಮೇಲೆ ದೂರು ಹೇಳುತ್ತಿಲ್ಲ. ಅವರು ಹೇಳಿದ್ದು ಲೆಕ್ಕದ ಪ್ರಕಾರ ಸರಿಯೇ. ನಮ್ಮಲ್ಲಿ ಸೂತಕಕ್ಕೆ ಎಷ್ಟೊಂದು ಲೆಕ್ಕ ಇದೆ ನೋಡಿ. ದಾಯಾದಿಗಳಿಗೆ ಹತ್ತು ದಿನ. ಮದುವೆಯಾಗಿ ಹೋದ ಮಗಳಿಗೆ ಮೂರು ದಿನ. ಇನ್ನೂ ದೂರದವರಿಗೆ ಒಂದು ಸ್ನಾನ. ಮೂರ್ನಾಲ್ಕು ತಲೆಮಾರಿನ ಹಿಂದೆ ಪಾಲಾದ ಮನೆಯ, ನಾನು ಮುಖವನ್ನೇ ನೋಡದ ಯಾರೋ ಒಬ್ಬರು ಕುಂದಾಪುರದ ಕಡೆ ಹೋದರೆ, ಇಲ್ಲಿ ಸಯನ್‌ನ ನಮ್ಮ ಎರಡು ರೂಮಿನ ಮನೆಯಲ್ಲಿ ಹತ್ತು ದಿನ ದೇವರಿಗೆ ದೀಪ ಇಲ್ಲ. ನನ್ನ ಸ್ವಂತ ಅಪ್ಪ ಹೋದಾಗ ನನಗೆ ಸಿಕ್ಕಿದ್ದು ಮೂರೇ ದಿನ. ಆಗಲೇ ಸಿಟ್ಟು ಬಂದಿತ್ತು. ಆದರೂ ಆ ಮೂರು ದಿನ ನನ್ನದಾಗಿತ್ತು. ಯಾರೂ ಕೆಲಸ ಹೇಳಲಿಲ್ಲ. ಪಕ್ಕದ ಮನೆಯವರು ಅನ್ನ, ಸಾರು ತಂದಿಟ್ಟು ಮಾತಾಡದೆ ಹೋದರು. ಬ್ಯಾಂಕಿನಲ್ಲಿ ರಜೆ ಕೊಟ್ಟರು. ನಾನು ಅಳುವುದಕ್ಕೆ ಎಲ್ಲರೂ ಜಾಗ ಮಾಡಿಕೊಟ್ಟರು.

ಮಗಳಿಗೆ ಮರುದಿನ ಬೀಜಗಣಿತದ ಯೂನಿಟ್ ಟೆಸ್ಟ್ ಇತ್ತು.

ಆ ಹುಡುಗಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರನ್ನು ಕೇಳದೆ ಬರೆಯುವುದು ಸರಿಯಲ್ಲ. ಮರಾಠಿ ಮನೆಯ ಹುಡುಗಿ. ಐದನೇ ಕ್ಲಾಸಿನಿಂದ ನನ್ನ ಮಗಳ ಜೊತೆ. ಇಬ್ಬರನ್ನೂ ಜೋಡಿ ಮಾಡಿದ್ದೇ ಹಾಜರಿ ಪುಸ್ತಕ. ಅವಳದ್ದು ರೋಲ್ ನಂಬರ್ 17, ಇವಳದ್ದು 18. ಪರೀಕ್ಷೆಯಲ್ಲಿ ಹಿಂದೆ ಮುಂದೆ, ಲ್ಯಾಬಿನಲ್ಲಿ ಒಂದೇ ಟೇಬಲ್, ಪಿಟಿಯಲ್ಲಿ ಒಂದೇ ಸಾಲು. ಶನಿವಾರ ನಮ್ಮಲ್ಲಿ ನೀರುದೋಸೆ. ಆರು ತಿಂದ ಮೇಲೂ ನಾನು ಇನ್ನೊಂದು ಹಾಕಲು ಹೋದರೆ, ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು, "ಕಾಕೂ, ಸಾಕು! ಕಾಕೂ, ಸಾಕು!" ಎಂದು ರಾಗ ಎಳೆಯುತ್ತಿದ್ದಳು. ಗೆಳತಿಯ ಅಮ್ಮನನ್ನು ಮರಾಠಿ ಮಕ್ಕಳು ಕಾಕೂ ಅನ್ನುತ್ತಾರೆ. ಅದಕ್ಕೆ ನಮ್ಮ 'ಸಾಕು' ಪ್ರಾಸ ಆಗುತ್ತದೆ ಎಂದು ಕಂಡುಹಿಡಿದಿದ್ದು ಅವಳೇ. ಅವಳಿಗೆ ಬರುತ್ತಿದ್ದ ಇನ್ನೊಂದು ಕನ್ನಡ "ಊಟ ಆಯ್ತಾ". ಅದನ್ನು ಬೆಳಿಗ್ಗೆ ಏಳು ಗಂಟೆಗೂ ಕೇಳುತ್ತಿದ್ದಳು.

ಜುಲೈಯಲ್ಲಿ ಒಂದು ಸಂಜೆ ಇಬ್ಬರೂ ಮಾಟುಂಗಾದಲ್ಲಿ ಟ್ಯೂಷನ್ ಮುಗಿಸಿ ಬರುವಾಗ ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಹತ್ತಿರ ನೀರು ನಿಂತಿತ್ತು. ಅಲ್ಲಿ ನೀರು ನಿಲ್ಲುವುದು ಹೊಸದಲ್ಲ, ತಗ್ಗು ಜಾಗ. ಬಸ್ಸುಗಳು ಅಲ್ಲಲ್ಲೇ ನಿಂತಿದ್ದವು. ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಡೆದು, ನಗುತ್ತಾ ಮನೆ ಸೇರಿದರು. ಅವಳ ಹಿಮ್ಮಡಿಯಲ್ಲಿ ಹೊಸ ಶೂ ಕಚ್ಚಿದ ಗಾಯ ಇತ್ತು. ಹತ್ತು ಹನ್ನೆರಡು ದಿನಕ್ಕೆ ಜ್ವರ, ಮೈಕೈ ನೋವು. ಲೆಪ್ಟೋ. ಊರಲ್ಲಿ ನಾವು ಇಲಿ ಜ್ವರ ಅನ್ನುತ್ತೇವಲ್ಲ, ಅದು. ಇಲಿ, ನಾಯಿ, ದನಗಳ ಮೂತ್ರ ಸೇರಿದ ನೀರಿನಿಂದ ಬರುತ್ತದೆ. ಒಳಗೆ ಹೋಗಲು ಅಷ್ಟು ಸಣ್ಣ ಗಾಯ ಸಾಕು. ಮೊದಮೊದಲು ಮಾಮೂಲಿ ಜ್ವರದ ಹಾಗೇ ಕಾಣುತ್ತದೆ. ಗೊತ್ತಾಗುವ ಹೊತ್ತಿಗೆ ಕಿಡ್ನಿಗೆ ಹೋಗಿತ್ತು. ಅದರ ಬಗ್ಗೆ ಬರೆಯಲು ಕೂತರೆ ಬೇರೆಯೇ ಪತ್ರ ಆಗುತ್ತದೆ. ಇದು ಉಳಿದವಳ ಬಗ್ಗೆ.

ಮಕ್ಕಳಿಗೆ ಸುದ್ದಿ ಮುಟ್ಟಿದ್ದು ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ, ಕೈಮುಗಿದ ಒಂದು ಸ್ಟಿಕರ್ ಆಗಿ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ. ಅದಾದ ಮೇಲೆ ಪ್ರತಿಜ್ಞೆ, ಸುವಿಚಾರ, ಎಂದಿನ ಹಾಗೆ. ಅವಳನ್ನು ಶಾಲೆಗೆ ಕಳಿಸಿದವಳು ನಾನೇ. "ಮನೆಯಲ್ಲಿ ಕೂತು ಏನು ಮಾಡ್ತೀ, ಎಲ್ಲರ ಜೊತೆ ಇದ್ರೆ ಮನಸ್ಸು ಹಗುರ ಆಗುತ್ತೆ" ಅಂದೆ. ಸ್ಮಶಾನಕ್ಕೆ ಬರುತ್ತೇನೆ ಅಂದಳು. "ಮಕ್ಕಳು ಅಲ್ಲಿಗೆಲ್ಲ ಬರಬಾರದು" ಅಂದೆ. ಹೀಗಾಗಿ ಅತ್ತ ಹನ್ನೊಂದು ಗಂಟೆಗೆ ಅವಳ ಗೆಳತಿಯನ್ನು ಮನೆಯಿಂದ ಎತ್ತಿದಾಗ, ಇತ್ತ ಇವಳು ಎಕ್ಸ್ ಎಷ್ಟು, ವೈ ಎಷ್ಟು ಎಂದು ಕಂಡುಹಿಡಿಯುತ್ತಿದ್ದಳು. 20ಕ್ಕೆ 16 ಬಂತು. 'ಸ್ಟ್ರಾಂಗ್ ಗರ್ಲ್' ಎಂದು ಟೀಚರ್ ಬೆನ್ನು ತಟ್ಟಿದರಂತೆ.

ನಮ್ಮ ಶಾಲೆ ಯಾವುದು ಅಂತ ಬರೆಯುವುದಿಲ್ಲ. ಹೆಸರು ಬರೆದರೆ ಅದೊಂದು ಶಾಲೆಯ ಜಗಳ ಆಗಿಬಿಡುತ್ತದೆ. ನಿಮ್ಮ ಶಾಲೆಯಲ್ಲೂ ಹೀಗೇ ಆಗುತ್ತಿತ್ತು ಅಂತ ನನ್ನ ಅನಿಸಿಕೆ.

ಹಾಜರಿಯ ವಿಷಯಕ್ಕೆ ಬರುತ್ತೇನೆ. ಮೊದಲ ಎರಡು ವಾರ ಟೀಚರ್ 16 ಅಂದ ಮೇಲೆ ಚೂರು ತಡೆದು 18 ಅನ್ನುತ್ತಿದ್ದರು. ಗಣಪತಿ ರಜೆ ಮುಗಿಸಿ ಹೋದಾಗ ಹೊಸ ಪಟ್ಟಿ ಬಂದಿತ್ತು. ಕಂಪ್ಯೂಟರಿನಲ್ಲಿ ಒಂದು ಹೆಸರು ತೆಗೆದರೆ ಕೆಳಗಿನವೆಲ್ಲ ತಾವಾಗಿಯೇ ಒಂದೊಂದು ಮೇಲೆ ಬರುತ್ತವಂತೆ. "ಸೆವೆಂಟೀನ್" ಅಂದರು. ಯಾರೂ ಮಾತಾಡಲಿಲ್ಲ. ಇನ್ನೊಮ್ಮೆ "ಸೆವೆಂಟೀನ್" ಅಂದರು. ಕ್ಲಾಸೆಲ್ಲ ನನ್ನ ಮಗಳ ಕಡೆ ತಿರುಗಿ ನೋಡಿತಂತೆ. ಈಗ 17 ಇವಳೇ.

ಇವಳು 'ಪ್ರೆಸೆಂಟ್' ಅನ್ನಲಿಲ್ಲ. ಗೈರುಹಾಜರಿ ಹಾಕಿದರು. ಮರುದಿನವೂ ಅನ್ನಲಿಲ್ಲ. ಕ್ಲಾಸಿನಲ್ಲಿ ಕೂತುಕೊಂಡೇ ಐದು ದಿನ ಗೈರುಹಾಜರಿ. ಆರನೇ ದಿನ ಡೈರಿಯಲ್ಲಿ 'ಉದ್ಧಟತನ' ಎಂದು ಬರೆದು ನನ್ನನ್ನು ಕರೆಸಿದರು.

ಹೋದೆ. ಟೀಚರ್ ಕೆಟ್ಟವರಲ್ಲ. ಆ ಹುಡುಗಿಗಾಗಿ ಸ್ಟಾಫ್ ರೂಮಿನಲ್ಲಿ ಕೂತು ಅತ್ತವರು. "ಒಂದು ತಿಂಗಳಾಯಿತಲ್ಲ, ಇನ್ನೂ ಇದರಿಂದ ಹೊರಗೆ ಬಂದಿಲ್ಲವಾ? ಬೋರ್ಡ್ ವರ್ಷ ಬೇರೆ" ಅಂದರು. ನಾನು ತಲೆ ಆಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಒಳಗೆ ಅದೇ ಪ್ರಶ್ನೆ ಇತ್ತು.

ಮನೆಯಲ್ಲಿ ನಾವು ಮಾಡಿದ್ದೂ ಪಟ್ಟಿ ತಿದ್ದುವ ಕೆಲಸವೇ. ಆ ಹುಡುಗಿಯ ಹೆಸರು ಎತ್ತಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದ್ದೆ. ಫ್ರಿಜ್ ಮೇಲಿದ್ದ ಇಬ್ಬರ ಫೋಟೋ ತೆಗೆದು ಬೀರುವಿನಲ್ಲಿಟ್ಟೆ. ಶನಿವಾರ ನೀರುದೋಸೆ ನಿಲ್ಲಿಸಿ ಉಪ್ಪಿಟ್ಟು ಶುರು ಮಾಡಿದೆ. ಸಾವಿನ ಎರಡನೇ ದಿನವೇ ಮಗಳು ಮೊಬೈಲಿನಲ್ಲಿ ಏನೋ ರೀಲ್ಸ್ ನೋಡಿ ಜೋರಾಗಿ ನಕ್ಕಾಗ ಅತ್ತೆ, "ಮಕ್ಕಳಲ್ವಾ, ಬೇಗ ಮರೀತಾರೆ" ಅಂದರು. ನನಗೂ ಸಮಾಧಾನ ಆಯಿತು. ಆಮೇಲೆ ಪ್ರತಿ ಶನಿವಾರ ಅವಳಿಗೆ ಹೊಟ್ಟೆನೋವು. ತಮ್ಮನ ಮೇಲೆ ರೇಗಾಟ. ರಾತ್ರಿ ಎರಡು ಗಂಟೆಗೆ ಎದ್ದು ಕಿಟಕಿ ಹತ್ತಿರ ಕೂರುವುದು. ಗಣಪತಿಯ ಢೋಲು ಬೀದಿಯಲ್ಲಿ ಹಾದು ಹೋದಾಗ ಕಿಟಕಿ ಮುಚ್ಚಿ, ಎರಡೂ ಕೈಯಲ್ಲಿ ಚಿಲಕ ಹಿಡಿದುಕೊಂಡು ನಿಲ್ಲುತ್ತಿದ್ದಳು. ಆ ಹುಡುಗಿಯ ಮನೆಯಲ್ಲಿ ಈ ಸಲ ಗಣಪತಿ ತಂದಿರಲಿಲ್ಲ. ಪ್ರತಿ ವರ್ಷ ಅಲ್ಲಿ ಆರತಿ ತಟ್ಟೆ ಹಿಡಿಯುವುದು ಇವರಿಬ್ಬರ ಕೆಲಸ.

ಡೈರಿಯ ವಿಷಯಕ್ಕೆ ಬೈಯಲೆಂದೇ ಆ ರಾತ್ರಿ ಅವಳ ಪಕ್ಕ ಕೂತೆ. ಅವಳೇ ಮೊದಲು ಬಾಯಿಬಿಟ್ಟಳು. "ಅಮ್ಮಾ, ಬಸ್ಸಿಗೆ ಕಾಯೋದು ಬೇಡ, ನಡೆಯೋಣ ಅಂದಿದ್ದು ನಾನೇ."

ಹಾಗೆಲ್ಲ ಅಂದುಕೋಬಾರದು, ಅದು ಅವಳ ಹಣೆಬರಹ ಅಂತ ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಯಾಕೆಂದರೆ ನನ್ನ ಹತ್ತಿರವೂ ಒಂದು ಮಾತಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನಾನು ಮದುವೆಯಾಗಿ ಈ ಊರಿಗೆ ಬಂದು ಎಂಟು ತಿಂಗಳು. ಆ ನೀರು ಇಳಿದ ಮೇಲೆ ಇದೇ ಜ್ವರ ಎಷ್ಟು ಜನರನ್ನು ಮಲಗಿಸಿತು ಅಂತ ನೋಡಿದ್ದೇನೆ. ಮಳೆನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಿ ಎಂದು ಮಹಾನಗರ ಪಾಲಿಕೆ ಮಳೆಗಾಲದಲ್ಲಿ ಸಾರುತ್ತಲೇ ಇರುತ್ತದೆ. ಅದಕ್ಕೇ ಮರುದಿನವೇ ಮಗಳನ್ನು ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಾತ್ರೆ ನುಂಗಿಸಿದ್ದೆ. ಜೊತೆಯಲ್ಲಿ ನಡೆದ ಹುಡುಗಿಯ ಮನೆಗೆ ಒಂದು ಫೋನ್ ಮಾಡಲು ನನಗೆ ತೋಚಲಿಲ್ಲ. ನಂಬರ್ ಇತ್ತು. ಆ ಮಾತ್ರೆ ತೆಗೆದುಕೊಂಡಿದ್ದರೆ ಖಂಡಿತ ಉಳಿಯುತ್ತಿದ್ದಳು ಅಂತ ಯಾರೂ ಹೇಳಲಾರರು. ಆದರೆ ಫೋನ್ ಮಾಡಬಹುದಿತ್ತು.

ಅದನ್ನು ಮಗಳಿಗೆ ಹೇಳಿದೆ. ಅವಳು ಗೋಡೆ ನೋಡುತ್ತಾ, "ಗೊತ್ತು. ನಾನೂ ಅವಳಿಗೆ ಹೇಳ್ಲಿಲ್ಲ. ಒಂಚೂರು ನೀರಿಗೆ ಮಾತ್ರೆಯಾ ಅಂತ ನಗ್ತಾಳೆ ಅಂತ" ಅಂದಳು. ಅವತ್ತು ನಾವಿಬ್ಬರೂ ಅತ್ತ ಹಾಗೆ ಅತ್ತಿದ್ದು ಮೊದಲ ಸಲ. ಅತ್ತೆ ಬಾಗಿಲ ತನಕ ಬಂದು, ಏನೂ ಕೇಳದೆ, ಎರಡು ಲೋಟ ನೀರು ಇಟ್ಟು ಹೋದರು.

ಮರುವಾರ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋಗಿ ಕೇಸ್ ಪೇಪರ್ ಮಾಡಿಸಿದೆ. ಇಲ್ಲಿ ಒಂದು ಮಾತು. ಈ ಊರಿನಲ್ಲಿ ಕೆಇಎಂ, ಸಯನ್, ನಾಯರ್ ಮೂರೂ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗದ ಓಪಿಡಿ ಇದೆ. ಖಾಸಗಿಯವರಿಗೆ ಸಾವಿರಗಟ್ಟಲೆ ಕೊಡಲಾಗದೆ ಸುಮ್ಮನಿರುವ ನಮ್ಮ ಜನ ಜಾಸ್ತಿ. ಆ ಸಾಲಿನಲ್ಲಿ ಯಾರಾದರೂ ಗುರುತಿನವರು ನೋಡಿದರೆ ಅಂತ ನಾನು ಮುಖಕ್ಕೆ ಸೆರಗು ಎಳೆದುಕೊಂಡಿದ್ದೆ. ನಾಚಿಕೆ ಆಗಬೇಕು ನನಗೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಗಳ ಜೊತೆ ಮಾತಾಡಿ ನನ್ನನ್ನು ಒಳಗೆ ಕರೆದರು. ನಾನು ಸೂತಕದ ಕತೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲೇ ಇಂಥದ್ದಕ್ಕೊಂದು ಹೆಸರು ಕೊಟ್ಟಿದ್ದಾರಂತೆ. ಸಮಾಜ ಲೆಕ್ಕಕ್ಕೆ ಇಟ್ಟುಕೊಳ್ಳದ ದುಃಖ. ನಾನು ಅದನ್ನು ಹಕ್ಕಿಲ್ಲದ ದುಃಖ ಅನ್ನುತ್ತೇನೆ. ಸತ್ತವರು ಗಂಡನಲ್ಲ, ತಂದೆಯಲ್ಲ, ರಕ್ತ ಸಂಬಂಧವಲ್ಲ. ಹಾಗಾಗಿ ಅಳುವವರನ್ನು ಯಾರೂ ವಿಚಾರಿಸುವುದಿಲ್ಲ. ಅವರಿಗೆ ರಜೆಯಿಲ್ಲ, ಕೂರಲು ಚಾಪೆಯಿಲ್ಲ. ದುಃಖ ಮಾತ್ರ ಎಲ್ಲರ ಹಾಗೇ ಇರುತ್ತದೆ.

ಒಂದು ತಿಂಗಳಾಯಿತಲ್ಲ ಎಂಬ ಟೀಚರ ಪ್ರಶ್ನೆಯನ್ನೂ ಕೇಳಿದೆ. ವೈದ್ಯರೇ ಆರು ತಿಂಗಳು ಕಾಯುತ್ತಾರೆ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆರು ತಿಂಗಳಾದರೂ ಕಳೆಯದೆ ಇದನ್ನು ಕಾಯಿಲೆ ಎನ್ನುವಂತಿಲ್ಲ. ಅಮೆರಿಕದ ಮನೋವೈದ್ಯರ 2022ರ ಕೈಪಿಡಿಯಲ್ಲೂ ಮಕ್ಕಳಿಗೆ ಆರು ತಿಂಗಳು, ದೊಡ್ಡವರಿಗೆ ಒಂದು ವರ್ಷ. ನಾವು ಐದನೇ ವಾರಕ್ಕೇ ಅದನ್ನು ಉದ್ಧಟತನ ಮಾಡಿದ್ದೆವು. ರೀಲ್ಸ್ ನೋಡಿ ನಕ್ಕಿದ್ದು ಮರೆತಿದ್ದಕ್ಕಲ್ಲ. ಮಕ್ಕಳು ದುಃಖದೊಳಗೆ ಹೋಗಿ, ತಡೆಯಲಾಗದೆ ಹೊರಗೆ ಬಂದು ಆಟವಾಡಿ, ಮತ್ತೆ ಒಳಗೆ ಹೋಗುತ್ತಾರಂತೆ. ಅಮ್ಮಂದಿರಿಗೆ ಕಾಣುವುದು ಹೊರಗೆ ಬಂದಾಗಿನ ಮುಖ ಮಾತ್ರ.

ಅಕ್ಟೋಬರ್‌ನಲ್ಲಿ ಶಾಲೆಯಲ್ಲೂ ಒಬ್ಬ ಕೌನ್ಸೆಲರ್ ಬಂದು ಅರ್ಧ ಗಂಟೆ ಭಾಷಣ ಮಾಡಿ ಹೋದರು. ದುಃಖಕ್ಕೆ ಐದು ಮೆಟ್ಟಿಲು, ಒಂದೊಂದಾಗಿ ಹತ್ತಬೇಕು ಅಂತ ಪರದೆಯ ಮೇಲೆ ಚಿತ್ರ ತೋರಿಸಿದರಂತೆ. ಎಲಿಸಬೆತ್ ಕೂಬ್ಲರ್ ರಾಸ್ ಎಂಬ ವೈದ್ಯೆ 1969ರಲ್ಲಿ ಬರೆದದ್ದು ಅದು. ಅವರು ಮಾತಾಡಿಸಿದ್ದು ಸಾಯುವ ಹಂತದಲ್ಲಿದ್ದ ರೋಗಿಗಳನ್ನು, ಉಳಿದು ಅಳುವವರನ್ನಲ್ಲ. ಮಗಳು ಮನೆಗೆ ಬಂದು, "ನಾನು ಎರಡನೇ ಮೆಟ್ಟಿಲಲ್ಲಿದೀನಾ, ನಾಲ್ಕನೇದಾ?" ಎಂದು ಕೇಳಿದಳು. ಬೀಜಗಣಿತದಲ್ಲಿ ಸ್ಟೆಪ್ ಬಿಟ್ಟರೆ ಮಾರ್ಕ್ಸ್ ಕಳೆಯುತ್ತಾರಲ್ಲ, ಅಂಥ ಭಯ ಅವಳ ಮುಖದಲ್ಲಿ.

ಆರು ತಿಂಗಳು ಅಂದೆ ಅಂತ ಎಲ್ಲದಕ್ಕೂ ಕಾಯಬೇಡಿ. ಮಗು ಊಟ ಬಿಟ್ಟರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ, ಅವಳ ಹತ್ತಿರ ಹೋಗುತ್ತೇನೆ ಎಂಬಂಥ ಮಾತಾಡಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಅರ್ಧ ರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಅದು. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಶಾಲೆ ನಡೆಸುವವರಿಗೆ ಒಂದು ನೆನಪು. ನೂರು ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ವಿದ್ಯಾಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಕೌನ್ಸೆಲರ್ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವರ್ಷಕ್ಕೊಮ್ಮೆ ಪರದೆ ಹಿಡಿದು ಬರುವವರನ್ನು ಆ ಲೆಕ್ಕಕ್ಕೆ ಸೇರಿಸಬೇಡಿ. ಅರ್ಹರನ್ನು ನೇಮಿಸಲು ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ವರ್ಷ ಮುಗಿಯುವ ತನಕ ಒಂದು ರೋಲ್ ನಂಬರ್ ಖಾಲಿ ಬಿಡಲು ದುಡ್ಡು ಬೇಡ. ಸತ್ತ ಸುದ್ದಿಯನ್ನು ಟೀಚರೇ ಕ್ಲಾಸಿಗೆ ಬಂದು, ಕೂತು, ಬಾಯಲ್ಲಿ ಹೇಳಲು ದುಡ್ಡು ಬೇಡ. ಅವತ್ತಿನ ಯೂನಿಟ್ ಟೆಸ್ಟ್ ಮುಂದೆ ಹಾಕಿದರೆ ಬೋರ್ಡಿನವರು ಯಾಕೆ ಅಂತ ಕೇಳುವುದಿಲ್ಲ. ಹತ್ತಿರದ ಇಬ್ಬರು ಮೂವರು ಗೆಳತಿಯರನ್ನು ಆ ಮನೆಗೆ ಕರೆದುಕೊಂಡು ಹೋಗಲು ಒಬ್ಬ ಟೀಚರ್ ಸಾಕು. ಅಪ್ಪ ಅಮ್ಮಂದಿರೇ, ಗೆಳತಿಯ ಮುಖ ಕೊನೆಯ ಸಲ ನೋಡಬೇಕು ಅಂತ ಮಗು ಹೇಳಿದರೆ ಕೈ ಹಿಡಿದು ಕರೆದುಕೊಂಡು ಹೋಗಿ. ಬೇಡ ಅಂದರೆ ಬಿಡಿ. ನಾನು ಬೇಡ ಅಂದಿದ್ದಕ್ಕೆ ನನ್ನ ಮಗಳು ಸೆಪ್ಟೆಂಬರ್‌ನಲ್ಲಿ ಒಬ್ಬಳೇ ಸಯನ್ ಸ್ಮಶಾನದ ಗೇಟಿನ ತನಕ ಹೋಗಿ ನಿಂತು ಬಂದಳು. ಯಾವ ಕಡೆ ಅಂತ ನೋಡಬೇಕಿತ್ತಂತೆ.

ಸಂಘದ ಹಿರಿಯರಿಗೂ ಒಂದು ಮಾತು. ಮೈಸೂರು ಅಸೋಸಿಯೇಶನ್ 1926ರಿಂದ ಇದೆ, ಕರ್ನಾಟಕ ಸಂಘ 1933ರಿಂದ. ಈ ಊರಲ್ಲಿ ಕನ್ನಡಿಗರಿಗೆ ಸೇರಲು ಜಾಗ ಇಲ್ಲ ಅನ್ನುವಂತಿಲ್ಲ. ಹಿರಿಯರು ಹೋದರೆ ಶ್ರದ್ಧಾಂಜಲಿ ಸಭೆ ಮಾಡುತ್ತೇವೆ, ಒಬ್ಬೊಬ್ಬರೂ ಎದ್ದು ನೆನಪು ಹೇಳುತ್ತಾರೆ, ಕೆಲವರು ಮೈಕ್ ಬಿಡುವುದೇ ಇಲ್ಲ. ಯಾವುದಾದರೂ ಒಂದು ಭಾನುವಾರ ಮಧ್ಯಾಹ್ನ, ಗೆಳೆಯರನ್ನು ಕಳೆದುಕೊಂಡ ಮಕ್ಕಳಿಗೆ ಒಂದು ಕೋಣೆ ಬಿಟ್ಟುಕೊಡಿ. ಮೈಕ್ ಬೇಡ. ನಾವು ದೊಡ್ಡವರು ಹೊರಗೆ ಕಾಫಿ ಮಾಡಿಕೊಂಡು ಕೂರೋಣ.

ಇನ್ನೊಂದು ಹೇಳಬೇಕು. ಮಗಳು ದಿನಾ ರಾತ್ರಿ ಆ ಹುಡುಗಿಯ ನಂಬರಿಗೆ ಮೆಸೇಜ್ ಕಳಿಸುತ್ತಿದ್ದಳು. ನನಗೆ ಗೊತ್ತಿರಲಿಲ್ಲ. ಫೋನ್ ಬಂದ್ ಆಗಿತ್ತು, ಎಲ್ಲದರ ಕೆಳಗೂ ಒಂದೇ ಟಿಕ್. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಸಂಜೆ, ಚಪಾತಿ ಲಟ್ಟಿಸುತ್ತಿದ್ದವಳು ಕೂಗಿಕೊಂಡಳು. ಟಿಕ್ ಎರಡಾಗಿ ನೀಲಿಗೆ ತಿರುಗುತ್ತಿದ್ದವು. ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದು ನಿಂತಳು. ಆಚೆ ಕಡೆ ಅವಳ ಆಯಿ ಮಗಳ ಫೋನ್ ಚಾರ್ಜ್ ಮಾಡಿ ಕೂತು ಓದುತ್ತಿದ್ದರು. 'ನಡೆಯೋಣ ಅಂದಿದ್ದು ನಾನೇ' ಎಂಬುದೂ ಅದರಲ್ಲಿತ್ತು. ಮಾತ್ರೆಯ ವಿಷಯವೂ ಇತ್ತು. ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ಚಪಾತಿ ಹಂಚಿನ ಮೇಲೆ ಸೀದು ಹೋಯಿತು. ಆಮೇಲೆ ಮರಾಠಿಯಲ್ಲಿ ಒಂದು ಸಾಲು ಬಂತು. ಶನಿವಾರ ಮನೆಗೆ ಬಾ, ಕಾಕೂನನ್ನೂ ಕರೆದುಕೊಂಡು ಬಾ.

ಹೋದೆವು. ಅಲ್ಲಿ ಏನು ಮಾತಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಡಬ್ಬಿಯಲ್ಲಿ ನೀರುದೋಸೆ ಒಯ್ದಿದ್ದೆ. ಈಗ ಶನಿವಾರದ ಹೊಟ್ಟೆನೋವು ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಡಿಸೆಂಬರ್‌ನಲ್ಲಿ ಆ ಹುಡುಗಿಗೆ 16 ತುಂಬುತ್ತಿತ್ತು. ಅವತ್ತು ಕೊನೆಯ ಪೀರಿಯಡ್‌ನಲ್ಲಿ 20 ನಿಮಿಷ ಕೊಡಿ, ಅವಳ ಬಗ್ಗೆ ಒಬ್ಬೊಬ್ಬರೂ ಒಂದು ತಮಾಷೆ ಹೇಳುತ್ತೇವೆ ಎಂದು ಮಕ್ಕಳು ಶಾಲೆಗೆ ಅರ್ಜಿ ಕೊಟ್ಟಿದ್ದಾರೆ. ಬೋರ್ಡ್ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ಮನಸ್ಸು ಕೆಡುತ್ತದೆ, ನೋಡೋಣ ಅಂದಿದ್ದಾರಂತೆ. ಅರ್ಜಿ ಆಫೀಸಿನಲ್ಲಿ ಮೂರು ವಾರದಿಂದ ಕೂತಿದೆ. ಅದರ ಒಂದು ಫೋಟೋ ನನ್ನ ಹತ್ತಿರ ಇದೆ. ಕೆಳಗೆ ಮಕ್ಕಳೆಲ್ಲ ರೋಲ್ ನಂಬರ್ ಹಾಕಿ ಸಹಿ ಮಾಡಿದ್ದಾರೆ, ಹಳೆಯ ಪಟ್ಟಿಯ ಪ್ರಕಾರ. 16ರ ಕೆಳಗೆ ಒಂದು ಸಾಲು ಖಾಲಿ ಇದೆ. ನನ್ನ ಮಗಳ ಸಹಿ 18ರ ಎದುರಿಗಿದೆ.

ಇತಿ,
ಒಬ್ಬ ಅಮ್ಮ
ಸಯನ್, ಮುಂಬಯಿ